ಭೂಮಿಯ ದಾರಿ ಮೊಟ್ಟೆಯಾಕಾರವೂ ಅಲ್ಲ, ಸೂರ್ಯ ನಟ್ಟನಡುವೆಯೂ ಇಲ್ಲ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಅವಳ ಗೈಡ್ ಪುಸ್ತಕದಲ್ಲಿ ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯ ಹಾಗೆ ಬರೆದಿದ್ದಾರೆ. ಒಂದು ನಾಭಿಯಲ್ಲಿ ಸೂರ್ಯ, ಇನ್ನೊಂದು ಖಾಲಿ. ಅವಳು ಮೂರು ಪ್ರಶ್ನೆ ಕೇಳಿದಳು. ಭೂಮಿ ಸೂರ್ಯನ ಹತ್ತಿರ ಬಂದಾಗ ತಾನೇ ಬೇಸಿಗೆ ಆಗಬೇಕು? ಖಾಲಿ ನಾಭಿಯಲ್ಲಿ ಏನಿದೆ? ಸುಮ್ನೆ ವೃತ್ತದಲ್ಲಿ ಸುತ್ತುವುದು ಬಿಟ್ಟು ದೀರ್ಘವೃತ್ತವೇ ಯಾಕೆ? ಕೆಪ್ಲರ್‌ನ ಮೂರು ನಿಯಮಗಳನ್ನು ಬಾಯಿಪಾಠ ಮಾಡಿಸಬಲ್ಲೆ. ಅರ್ಥ ಮಾಡಿಸುವುದು ಹೇಗೆ?

ಉತ್ತರ: ಮೊದಲು ಆ ಚಿತ್ರವನ್ನು ಸರಿ ಮಾಡೋಣ. ಅರ್ಧ ಗೊಂದಲ ಅಲ್ಲಿಂದಲೇ ಬಂದಿದೆ.

ಒಂದು ಚಾರ್ಟ್ ಪೇಪರ್ ಹಾಸಿ, ಎರಡು ಗುಂಡುಸೂಜಿ ಚುಚ್ಚಿ. ಎರಡನ್ನೂ ಬಳಸಿ ಬರುವ ಹಾಗೆ ಗಂಟು ಹಾಕಿದ ದಾರದ ಉಂಗುರ ಹಾಕಿ. ಪೆನ್ಸಿಲ್ ತುದಿಯಿಂದ ದಾರವನ್ನು ಬಿಗಿಯಾಗಿ ಎಳೆದುಕೊಂಡು ಒಂದು ಸುತ್ತು ಬನ್ನಿ. ಬರುವ ಆಕಾರ ದೀರ್ಘವೃತ್ತ, ಸೂಜಿ ಚುಚ್ಚಿದ ಜಾಗಗಳೇ ನಾಭಿಗಳು. ಇದನ್ನು ಎಷ್ಟೋ ಶಾಲೆಗಳಲ್ಲಿ ಮಾಡಿಸುತ್ತಾರೆ. ಆದರೆ ಸೂಜಿಗಳ ನಡುವೆ ಎಷ್ಟು ಅಂತರ ಇಡಬೇಕು ಅನ್ನುವುದನ್ನು ಹೇಳುವುದು ಕಮ್ಮಿ. ಕೈಗೆ ಬಂದ ಹಾಗೆ ನಾಲ್ಕೈದು ಇಂಚು ಇಟ್ಟುಬಿಡುತ್ತಾರೆ. ಮೊಟ್ಟೆ ಹುಟ್ಟುವುದು ಅಲ್ಲೇ.

ಭೂಮಿಯ ಕಕ್ಷೆಯನ್ನು 30 ಸೆಂಟಿಮೀಟರ್ ಉದ್ದಕ್ಕೆ ಬರೆಯುವುದಾದರೆ ಸೂಜಿಗಳ ನಡುವೆ ಬರೀ 5 ಮಿಲಿಮೀಟರ್ ಅಂತರ ಸಾಕು. ದಾರದ ಉಂಗುರದ ಒಟ್ಟು ಅಳತೆ 305 ಮಿ.ಮೀ. ಬರೆದ ಮೇಲೆ ಸ್ಕೇಲ್ ಹಿಡಿದು ಅಳೆಯಿರಿ. ಲೆಕ್ಕದ ಪ್ರಕಾರ ಉದ್ದ 300 ಮಿ.ಮೀ., ಅಗಲ 299.96 ಮಿ.ಮೀ. ನಿಮ್ಮ ಪೆನ್ಸಿಲ್ ಗೆರೆಯೇ ಈ ವ್ಯತ್ಯಾಸಕ್ಕಿಂತ ಎಷ್ಟೋ ದಪ್ಪ. ಕಣ್ಣಿಗೆ ಅದು ಪಕ್ಕಾ ವೃತ್ತ. ಆದರೆ ಸೂರ್ಯನನ್ನು ಒಂದು ಸೂಜಿಯ ಜಾಗದಲ್ಲಿಡಿ. ಅವನು ನಡುವಿನಿಂದ ಎರಡೂವರೆ ಮಿ.ಮೀ. ಪಕ್ಕಕ್ಕೆ ಇರುತ್ತಾನೆ. ಇದು ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ನಿಜವಾದ ಅಳತೆಯಲ್ಲೂ ಹಾಗೆಯೇ. ಭೂಮಿಯ ಕಕ್ಷೆಯ ಅರ್ಧ ಉದ್ದ 14.96 ಕೋಟಿ ಕಿಲೋಮೀಟರ್. ಅರ್ಧ ಅಗಲ ಅದಕ್ಕಿಂತ ಕಮ್ಮಿ ಇರುವುದು ಸುಮಾರು 21 ಸಾವಿರ ಕಿ.ಮೀ. ಅಷ್ಟೇ. ಸೂರ್ಯ ನಡುವಿನಿಂದ ಸರಿದಿರುವುದೋ, 25 ಲಕ್ಷ ಕಿ.ಮೀ. ಇದಕ್ಕೆ ಕಾರಣ ಸರಳವಾದ ಗಣಿತ. ಉತ್ಕೇಂದ್ರತೆ ಅಂತ ಒಂದು ಸಂಖ್ಯೆ ಇದೆ, ಭೂಮಿಗೆ ಅದು 0.0167. ಸೂರ್ಯ ಎಷ್ಟು ಸರಿದಿದ್ದಾನೆ ಅನ್ನುವುದು ಈ ಸಂಖ್ಯೆಯ ಮೇಲೆ ನಿಂತಿದೆ. ಕಕ್ಷೆ ಎಷ್ಟು ಚಪ್ಪಟೆ ಅನ್ನುವುದು ಅದರ ವರ್ಗದ ಮೇಲೆ. ಸಣ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇನ್ನೂ ಸಣ್ಣದಾಗುತ್ತದೆ ಅಲ್ವಾ? ಅದಕ್ಕೇ ಸರಿದಿರುವುದು ಜಾಸ್ತಿ, ಚಪ್ಪಟೆಯಾಗಿರುವುದು ಕಮ್ಮಿ. ಮಗಳು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ.

ಬೇಸಿಗೆಯ ಪ್ರಶ್ನೆಗೆ ಜಾಸ್ತಿ ಹೊತ್ತು ಬೇಡ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, 14.71 ಕೋಟಿ ಕಿ.ಮೀ.ಗೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, 15.21 ಕೋಟಿಗೆ. ಅಂದರೆ ನಾವು ಶಾಲು ಹೊದ್ದು ಕೂತಾಗಲೇ ಸೂರ್ಯ ಹತ್ತಿರ ಇರುತ್ತಾನೆ. ಆಗ ಇಡೀ ಭೂಮಿಗೆ ಬೀಳುವ ಬಿಸಿಲು ಜುಲೈಗಿಂತ ಸುಮಾರು 7% ಜಾಸ್ತಿಯೇ. ಆದರೂ ಚಳಿ, ಯಾಕೆಂದರೆ ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ಜನವರಿಯಲ್ಲಿ ಉತ್ತರಾರ್ಧ ಸೂರ್ಯನಿಂದ ಆಚೆಗೆ ವಾಲಿರುತ್ತದೆ, ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ಋತು ತರುವುದು ವಾಲಿಕೆ, ದೂರ ಅಲ್ಲ.

ಹಾಗಾದರೆ ಈ ದೂರ-ಹತ್ತಿರದ ಆಟದಿಂದ ನಮಗೆ ಏನೂ ಗೊತ್ತಾಗುವುದಿಲ್ಲವಾ? ಗೊತ್ತಾಗುತ್ತದೆ, ಬಿಸಿಲಿನಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ಗ್ರಹ ಸೂರ್ಯನ ಹತ್ತಿರ ಇದ್ದಾಗ ಬೇಗ ಓಡುತ್ತದೆ, ದೂರ ಇದ್ದಾಗ ನಿಧಾನ. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಅವಧಿಯಲ್ಲಿ ಸಮಾನ ಜಾಗ ಗುಡಿಸುತ್ತದೆ. ಇದು ಎರಡನೇ ನಿಯಮ. ಜನವರಿಯಲ್ಲಿ ಭೂಮಿಯ ವೇಗ ಸೆಕೆಂಡಿಗೆ 30.29 ಕಿ.ಮೀ., ಜುಲೈಯಲ್ಲಿ 29.29. ದೂರವನ್ನು ವೇಗದಿಂದ ಗುಣಿಸಿ ನೋಡಿ. 14.71ನ್ನು 30.29ರಿಂದ, 15.21ನ್ನು 29.29ರಿಂದ. ಎರಡೂ ಕಡೆ ಸುಮಾರು 445.5 ಬರುತ್ತದೆ. ಹೀಗೆ ನೇರವಾಗಿ ಗುಣಿಸುವುದು ಈ ಎರಡು ಕೊನೆಗಳಲ್ಲಿ ಮಾತ್ರ ನಡೆಯುತ್ತದೆ. ಬೇರೆ ಕಡೆ ಚಲನೆ ಸೂರ್ಯನ ಗೆರೆಗೆ ಸ್ವಲ್ಪ ಓರೆಯಾಗಿರುತ್ತದೆ.

ಈಗ ಗೋಡೆಯ ಕ್ಯಾಲೆಂಡರ್ ತೆಗೆಯಿರಿ. ಮಾರ್ಚ್ 20ರ ಸುಮಾರಿಗೆ ಹಗಲು-ರಾತ್ರಿ ಸಮ. ಮತ್ತೆ ಸಮ ಆಗುವುದು ಸೆಪ್ಟೆಂಬರ್ 22 ಅಥವಾ 23ಕ್ಕೆ. ಮಾರ್ಚ್‌ನಿಂದ ಸೆಪ್ಟೆಂಬರ್‌ಗೆ ದಿನ ಎಣಿಸಿದರೆ ಸುಮಾರು 186. ಸೆಪ್ಟೆಂಬರ್‌ನಿಂದ ಮಾರ್ಚ್‌ಗೆ 179. ಸೂರ್ಯ ನಡುವಿನಲ್ಲೇ ಇದ್ದಿದ್ದರೆ ಎರಡೂ ಸಮ ಇರಬೇಕಿತ್ತು. ಈ ಏಳು ದಿನದ ವ್ಯತ್ಯಾಸವೇ ಆ ಎರಡೂವರೆ ಮಿಲಿಮೀಟರ್.

ಪಂಚಾಂಗ ನೋಡುವ ಮನೆಯಾದರೆ ಇನ್ನೂ ಚೆನ್ನ. ಧನು ಸಂಕ್ರಮಣ ಡಿಸೆಂಬರ್ 16ರ ಹೊತ್ತಿಗೆ, ಮಕರ ಸಂಕ್ರಮಣ ಜನವರಿ 14ರ ಹೊತ್ತಿಗೆ. ನಡುವೆ 29 ದಿನ ಮತ್ತು ಚೂರು. ಮಿಥುನ ಸಂಕ್ರಮಣ ಜೂನ್ 15ರ ಸುಮಾರಿಗೆ, ಕರ್ಕಾಟಕ ಸಂಕ್ರಮಣ ಜುಲೈ 16ರ ಸುಮಾರಿಗೆ. ನಡುವೆ 31 ದಿನ ಮುಗಿದು ಇನ್ನೂ ಅರ್ಧ ದಿನದ ಮೇಲೆ. ಭೂಮಿ ಓಡುವುದೇ ನಮಗೆ ಸೂರ್ಯ ರಾಶಿ ದಾಟಿದ ಹಾಗೆ ಕಾಣುತ್ತದೆ. ಎರಡೂ ರಾಶಿಗೆ 30 ಡಿಗ್ರಿಯೇ. ಆದರೆ ಧನುವಿಗೆ ಹೋಲಿಸಿದರೆ ಮಿಥುನವನ್ನು ದಾಟಲು ಎರಡು ದಿನಕ್ಕೂ ಮೇಲೆ ಜಾಸ್ತಿ ಬೇಕು. ಸೌರಮಾನ ಹಿಡಿಯುವ ತುಳುವರಿಗೆ ಕಾರ್ತೆಲ್ (ಮಿಥುನ ಮಾಸ) ಉದ್ದ, ಪೆರಾರ್ದೆ (ಧನುರ್ಮಾಸ) ಗಿಡ್ಡ. ಧನುರ್ಮಾಸದ ಪೂಜೆ ಬೇಗ ಮುಗಿಯುವುದಕ್ಕೆ ಕಾರಣ ಕೆಪ್ಲರ್‌ನ ಎರಡನೇ ನಿಯಮ ಅಂತ ಮಗಳಿಗೆ ಧಾರಾಳವಾಗಿ ಹೇಳಬಹುದು.

ಅಧಿಕ ಮಾಸದ ಗುಟ್ಟೂ ಇಲ್ಲೇ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಆ ಅವಧಿಯಲ್ಲಿ ಒಂದೂ ಸಂಕ್ರಮಣ ಬರದಿದ್ದರೆ ಅದು ಅಧಿಕ ಮಾಸ. ಸೌರಮಾಸ ಉದ್ದ ಇದ್ದಾಗ ಹೀಗಾಗುವ ಸಾಧ್ಯತೆ ಜಾಸ್ತಿ. 2018ರಲ್ಲಿ ಅಧಿಕ ಜ್ಯೇಷ್ಠ, 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಮತ್ತೆ ಅಧಿಕ ಜ್ಯೇಷ್ಠ. ಎಲ್ಲವೂ ಸೂರ್ಯ ನಿಧಾನ ಇರುವ ತಿಂಗಳುಗಳ ಸುತ್ತಮುತ್ತವೇ. ಅಪರೂಪದ ಕ್ಷಯಮಾಸ ಇದಕ್ಕೆ ತಿರುಗುಮುರುಗು. ಎರಡು ಅಮಾವಾಸ್ಯೆಗಳ ನಡುವೆ ಎರಡು ಸಂಕ್ರಮಣ ತೂರಬೇಕಾದರೆ ಸೌರಮಾಸ ಚಾಂದ್ರಮಾಸಕ್ಕಿಂತ ಗಿಡ್ಡ ಇರಲೇಬೇಕು. ಅದು ಚಳಿಗಾಲದಲ್ಲಿ ಮಾತ್ರ ಸಾಧ್ಯ.

ನಮ್ಮ ಸಿದ್ಧಾಂತ ಜ್ಯೋತಿಷದವರಿಗೆ ಈ ಏರುಪೇರು ಚೆನ್ನಾಗಿಯೇ ಗೊತ್ತಿತ್ತು. ಮೊದಲು ಒಂದೇ ವೇಗದಲ್ಲಿ ಹೋಗುವ ಮಧ್ಯಮ ಸೂರ್ಯನನ್ನು ಲೆಕ್ಕ ಹಾಕುತ್ತಿದ್ದರು. ಆಮೇಲೆ ಅದಕ್ಕೆ ಮಂದಫಲ ಅನ್ನುವ ತಿದ್ದುಪಡಿಯನ್ನು ಕೂಡಿಸಿ ಅಥವಾ ಕಳೆದು ಸ್ಫುಟ ಸೂರ್ಯನನ್ನು, ಅಂದರೆ ಸೂರ್ಯ ನಿಜವಾಗಿ ಕಾಣುವ ಜಾಗವನ್ನು, ತೆಗೆಯುತ್ತಿದ್ದರು. ತಿದ್ದುಪಡಿ ಜಾಸ್ತಿ ಅಂದರೆ ಸುಮಾರು 2 ಡಿಗ್ರಿ. ಗ್ರೀಕರೂ ತಮ್ಮದೇ ದಾರಿಯಲ್ಲಿ ಇಂಥದ್ದೇ ತಿದ್ದುಪಡಿ ಮಾಡುತ್ತಿದ್ದರು. ಲೆಕ್ಕ ಸರಿಯಾಗಿ ಬರುತ್ತಿತ್ತು. ಆದರೆ ಎಲ್ಲರ ಕೈಯಲ್ಲೂ ಇದ್ದದ್ದು ವೃತ್ತಗಳೇ, ಒಂದರ ಮೇಲೊಂದು.

ವೃತ್ತವನ್ನು ಕೊನೆಗೂ ಬಿಡಿಸಿದ್ದು ಮಂಗಳ ಗ್ರಹ. ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪಠ್ಯದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಡೆನ್ಮಾರ್ಕಿನ ಟೈಕೋ ಬ್ರಾಹೆ ವೆನ್ ಅನ್ನುವ ದ್ವೀಪದಲ್ಲಿ ವೀಕ್ಷಣಾಲಯ ಕಟ್ಟಿಕೊಂಡು ಎಷ್ಟೋ ವರ್ಷ ಗ್ರಹಗಳ ಜಾಗ ಅಳೆದಿದ್ದ. ಆಗ ದೂರದರ್ಶಕ ಇರಲಿಲ್ಲ. ಬರಿಗಣ್ಣು ಮತ್ತು ದೊಡ್ಡ ದೊಡ್ಡ ಕೋನಮಾಪಕಗಳು, ಅಷ್ಟೇ. ಆಮೇಲೆ ಅವನು ಪ್ರಾಗ್‌ಗೆ ಬಂದ. 1600ರಲ್ಲಿ ಯೋಹಾನೆಸ್ ಕೆಪ್ಲರ್ ಅಲ್ಲಿ ಅವನ ಜೊತೆ ಸೇರಿಕೊಂಡ. ಕೆಪ್ಲರ್‌ಗೆ ಸಿಕ್ಕ ಕೆಲಸ ಮಂಗಳನ ದಾರಿ ಬಿಡಿಸುವುದು. ಮರುವರ್ಷವೇ ಟೈಕೋ ತೀರಿಕೊಂಡ, ಅಳತೆಗಳೆಲ್ಲ ಕೆಪ್ಲರ್ ಕೈಗೆ ಬಂದವು.

ಕೆಪ್ಲರ್ ಮೊದಲು ವೃತ್ತವನ್ನೇ ಹಿಡಿದ. ಸೂರ್ಯನನ್ನು ಪಕ್ಕಕ್ಕೆ ಸರಿಸಿ, ವೇಗ ಹೊಂದಿಸಿ, ಪುಟಗಟ್ಟಲೆ ಲೆಕ್ಕ ಹಾಕಿದ. ಕೊನೆಗೆ ಟೈಕೋ ಅಳತೆಗೂ ಅವನ ಲೆಕ್ಕಕ್ಕೂ ಉಳಿದ ವ್ಯತ್ಯಾಸ ಕೆಲವು ಕಡೆ 8 ಆರ್ಕ್‌ಮಿನಿಟ್. ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಆರ್ಕ್‌ಮಿನಿಟ್, ಅದರ ಕಾಲು ಭಾಗ ಅಂದುಕೊಳ್ಳಿ. ಬೇರೆ ಯಾರಾದರೂ ಆಗಿದ್ದರೆ ಅಳತೆಯ ದೋಷ ಅಂತ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಟೈಕೋ ಅಳತೆ ಒಂದೆರಡು ಆರ್ಕ್‌ಮಿನಿಟ್‌ಗಿಂತ ಜಾಸ್ತಿ ತಪ್ಪುವುದಿಲ್ಲ ಅಂತ ಕೆಪ್ಲರ್‌ಗೆ ಗೊತ್ತಿತ್ತು. ತಪ್ಪಿರುವುದು ಅಳತೆಯಲ್ಲ, ವೃತ್ತ ಅಂತ ಅವನು ತೀರ್ಮಾನಿಸಿದ. ಖಗೋಳ ವಿಜ್ಞಾನವನ್ನೆಲ್ಲ ಹೊಸದಾಗಿ ಕಟ್ಟಲು ಈ ಎಂಟು ಮಿನಿಟುಗಳೇ ದಾರಿ ತೋರಿಸಿದವು ಅಂತ ಅವನೇ ಬರೆದಿದ್ದಾನೆ.

ಆದರೆ ಒಂದು ತೊಡಕಿತ್ತು. ಮಂಗಳನನ್ನು ನೋಡುತ್ತಿರುವ ನಾವೇ ಓಡುತ್ತಿದ್ದೇವೆ. ನಮ್ಮ ದಾರಿ ಗೊತ್ತಿಲ್ಲದೆ ಅವನ ದಾರಿ ಹೇಳುವುದು ಹೇಗೆ? ಕೆಪ್ಲರ್ ಮಾಡಿದ ಉಪಾಯ ನನಗೆ ಇಡೀ ಕತೆಯಲ್ಲೇ ತುಂಬಾ ಇಷ್ಟ. ಮಂಗಳ ಸೂರ್ಯನನ್ನು ಒಂದು ಸುತ್ತು ಬರಲು 687 ದಿನ. ಅಂದರೆ ಪ್ರತಿ 687 ದಿನಕ್ಕೊಮ್ಮೆ ಅವನು ಅದೇ ಜಾಗದಲ್ಲಿ ನಿಂತಿರುತ್ತಾನೆ. ಭೂಮಿಗೆ ಎರಡು ಸುತ್ತಿಗೆ 730 ದಿನ ಬೇಕು, ಹಾಗಾಗಿ ನಾವು ಸುಮಾರು 43 ದಿನದ ದಾರಿ ಹಿಂದೆ ಇರುತ್ತೇವೆ. ಟೈಕೋ ಅಳತೆಗಳಲ್ಲಿ 687 ದಿನ ಅಂತರದವನ್ನು ಹೆಕ್ಕಿ ತೆಗೆದರೆ ಸೂರ್ಯ, ಮಂಗಳ ಎರಡೂ ನೆಟ್ಟ ಕಂಬಗಳಾಗುತ್ತವೆ. ಆ ಎರಡು ಕಂಬಗಳಿಂದ ಭೂಮಿಯ ಜಾಗವನ್ನು ಒಂದೊಂದಾಗಿ ಗುರುತಿಸಬಹುದು. ಹೀಗೆ ಅವನು ಮೊದಲು ಭೂಮಿಯ ಕಕ್ಷೆ ಬರೆದ. ಅದು ವೃತ್ತದ ಹಾಗೇ ಇತ್ತು, ಸೂರ್ಯ ಮಾತ್ರ ಪಕ್ಕಕ್ಕೆ. ಭೂಮಿಯ ವೇಗ ಏರಿಳಿಯುವುದೂ ಕಂಡಿತು. ಆಮೇಲೆ ಮಂಗಳನ ದಾರಿ ಹಿಡಿದ.

ಹಾಗಾಗಿ ಎರಡನೇ ನಿಯಮ ಅವನಿಗೆ ಮೊದಲು ಸಿಕ್ಕಿತು. ಒಂದನೆಯದು, ಅಂದರೆ ಕಕ್ಷೆ ದೀರ್ಘವೃತ್ತ, ಸೂರ್ಯ ಅದರ ಒಂದು ನಾಭಿಯಲ್ಲಿ ಅನ್ನುವುದು, ಆಮೇಲೆ. ಮಂಗಳನ ಉತ್ಕೇಂದ್ರತೆ 0.0934. ನಮ್ಮ ಚಾರ್ಟಿನಲ್ಲಿ ಸೂಜಿಗಳ ಅಂತರ 28 ಮಿ.ಮೀ., ಉಂಗುರ 328 ಮಿ.ಮೀ. ಬರುವ ಕಕ್ಷೆಯ ಅಗಲ ಉದ್ದಕ್ಕಿಂತ 1.3 ಮಿ.ಮೀ. ಕಮ್ಮಿ. ಪಕ್ಕದಿಂದ ಪಕ್ಕಕ್ಕೆ ಅರ್ಧ ಪರ್ಸೆಂಟೂ ಇಲ್ಲದ ಈ ಚಪ್ಪಟೆಯನ್ನು ಬರಿಗಣ್ಣಿನ ಅಳತೆಗಳಿಂದ ಹಿಡಿದದ್ದು ಅಂದರೆ ಸುಮ್ನೆ ಅಲ್ಲ. ತಮಾಷೆ ಏನು ಅಂದರೆ, ಅವನು ಮೊದಲು ಒಂದು ಮೊಟ್ಟೆಯಾಕಾರವನ್ನೇ ನಂಬಿದ್ದ. ಅದರ ಲೆಕ್ಕ ಕಷ್ಟ ಅಂತ ಹತ್ತಿರದ ಅಂದಾಜಿಗೆ ದೀರ್ಘವೃತ್ತವನ್ನು ಬಳಸಿಕೊಳ್ಳುತ್ತಿದ್ದ. ಕೈಯಲ್ಲಿರುವ ಅಂದಾಜೇ ನಿಜವಾದ ಉತ್ತರ ಅಂತ ಹೊಳೆಯಲು 1605ರ ತನಕ ಬೇಕಾಯಿತು. ಪುಸ್ತಕ ಬಂದದ್ದು 1609ರಲ್ಲಿ. ಮಂಗಳನ ಬದಲು ಶುಕ್ರನನ್ನು ಕೊಟ್ಟಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಶುಕ್ರನ ಉತ್ಕೇಂದ್ರತೆ 0.0068. ಆ ಚಪ್ಪಟೆ ಟೈಕೋ ಕಣ್ಣಿಗೂ ಸಿಗುವಂಥದ್ದಲ್ಲ.

ಇನ್ನು ದೀರ್ಘವೃತ್ತವೇ ಯಾಕೆ ಅನ್ನುವ ಪ್ರಶ್ನೆ. ಅದಕ್ಕೆ ಕೆಪ್ಲರ್ ಬಳಿ ಸರಿಯಾದ ಉತ್ತರ ಇರಲಿಲ್ಲ. ಅದು ಬಂದದ್ದು ನ್ಯೂಟನ್‌ನಿಂದ, 1687ರಲ್ಲಿ. ಗಣಿತ ಬಿಟ್ಟು ಹೇಳುವುದಾದರೆ ಹೀಗೆ. ಜನವರಿಯಲ್ಲಿ ಭೂಮಿ ಇರುವ ದೂರದಲ್ಲಿ ವೃತ್ತವಾಗಿ ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು 30.03 ಕಿ.ಮೀ. ವೇಗ ಸಾಕು. ಇರುವುದು 30.29. ವೇಗ ಜಾಸ್ತಿಯಾದ್ದರಿಂದ ಭೂಮಿ ಸೂರ್ಯನಿಂದ ಹೊರಕ್ಕೆ ಸರಿಯುತ್ತಾ ಹೋಗುತ್ತದೆ. ಮೇಲಕ್ಕೆ ಎಸೆದ ಕಲ್ಲಿನ ಹಾಗೆ, ದೂರ ಹೋದಷ್ಟೂ ವೇಗ ಕಳೆದುಕೊಳ್ಳುತ್ತದೆ. ಜುಲೈ ಹೊತ್ತಿಗೆ ಆ ದೂರದ ವೃತ್ತಕ್ಕೆ 29.53 ಬೇಕು, ಉಳಿದಿರುವುದು 29.29. ಈಗ ಕಮ್ಮಿ ಬಿತ್ತು. ಹಾಗಾಗಿ ಒಳಕ್ಕೆ ಬೀಳತೊಡಗುತ್ತದೆ, ವೇಗ ಕೂಡಿಕೊಳ್ಳುತ್ತದೆ, ಜನವರಿಗೆ ಮತ್ತೆ ಮೊದಲಿನ ಜಾಗ. ವೃತ್ತ ಬರಬೇಕಾದರೆ ವೇಗ ಕೂದಲೆಳೆಯೂ ಆಚೀಚೆ ಆಗಬಾರದು, ದಿಕ್ಕೂ ಸರಿಯಾಗಿರಬೇಕು. ಅಷ್ಟು ಕರಾರುವಾಕ್ಕಾಗಿ ಯಾವ ಗ್ರಹವೂ ಹುಟ್ಟುವುದಿಲ್ಲ. ವೃತ್ತವೂ ದೀರ್ಘವೃತ್ತವೇ, ಎರಡು ಸೂಜಿ ಒಂದೇ ತೂತಿಗೆ ಬಂದಾಗ ಆಗುವಂಥದ್ದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಳಗೆ-ಹೊರಗೆ ಹೋಗಿ ಬರುವುದಕ್ಕೂ ಸೂರ್ಯನನ್ನು ಒಂದು ಸುತ್ತು ಬರುವುದಕ್ಕೂ ಸರಿಯಾಗಿ ಒಂದೇ ಹೊತ್ತು ಹಿಡಿಯಬೇಕು. ಆಗ ಮಾತ್ರ ಗೆರೆ ಹೊರಟಲ್ಲಿಗೇ ಬಂದು ಕೂಡುತ್ತದೆ. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿಯಾಗುವುದರಿಂದ, ಅಂದರೆ ಎರಡು ಪಟ್ಟು ದೂರಕ್ಕೆ ಕಾಲು ಭಾಗ ಆಗುವುದರಿಂದ, ಇದು ಕೂಡಿಬರುತ್ತದೆ. ಬಲ ಬೇರೆ ರೀತಿ ಇಳಿಯುತ್ತಿದ್ದರೆ ಕಕ್ಷೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ, ಹೂವಿನ ಎಸಳು ಬರೆದ ಹಾಗೆ ತಿರುಗುತ್ತಾ ಹೋಗುತ್ತಿತ್ತು. ಬುಧನ ಕಕ್ಷೆ ನಿಜವಾಗಿಯೂ ಹಾಗೆ ತೀರಾ ನಿಧಾನವಾಗಿ ತಿರುಗುತ್ತಿದೆ. ಬೇರೆ ಗ್ರಹಗಳ ಎಳೆತವನ್ನೆಲ್ಲ ಕಳೆದ ಮೇಲೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಮಿನಿಟ್‌ಗೆ 60) ಉಳಿಯುತ್ತಿತ್ತು. ಅದಕ್ಕೆ ಕಾರಣ ಕೊಟ್ಟದ್ದು ಐನ್‌ಸ್ಟೈನ್, 1915ರಲ್ಲಿ.

ಖಾಲಿ ನಾಭಿಯಲ್ಲಿ ಏನಿದೆ? ಏನೂ ಇಲ್ಲ. ಕಲ್ಲೂ ಇಲ್ಲ, ಬಲವೂ ಇಲ್ಲ. ಭೂಮಿಯದ್ದಾದರೆ ಆ ಬಿಂದು ಸೂರ್ಯನಿಂದ ಸುಮಾರು 50 ಲಕ್ಷ ಕಿ.ಮೀ. ಆಚೆ, ಸುಮ್ನೆ ಬಯಲು. ಆದರೂ ಅದು ಪೂರ್ತಿ ನಿರುಪಯೋಗಿ ಅಲ್ಲ. ಆ ಬಿಂದುವಿನಲ್ಲಿ ನಿಂತು ಗ್ರಹವನ್ನು ನೋಡಿದರೆ ಅದು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗಿದ ಹಾಗೆ ಕಾಣುತ್ತದೆ. ಹತ್ತಿರ-ದೂರ ಮತ್ತು ಬೇಗ-ನಿಧಾನ ಎರಡೂ ಅಲ್ಲಿಂದ ಒಂದನ್ನೊಂದು ತೂಗಿಸಿಕೊಳ್ಳುತ್ತವೆ. ಇದರ ಸಾಕ್ಷಿ ಚಂದ್ರನಲ್ಲಿದೆ. ಅವನು ತನ್ನ ಅಕ್ಷದ ಮೇಲೆ ಒಂದೇ ವೇಗದಲ್ಲಿ ತಿರುಗುತ್ತಾನೆ, ಆದರೆ ಭೂಮಿಯ ಸುತ್ತ ಒಮ್ಮೆ ಬೇಗ, ಒಮ್ಮೆ ನಿಧಾನ. ಹಾಗಾಗಿ ಅವನ ಮುಖ ಸರಿಯಾಗಿ ನೋಡುವುದು ನಮ್ಮನ್ನಲ್ಲ, ತನ್ನ ಕಕ್ಷೆಯ ಖಾಲಿ ನಾಭಿಯನ್ನು. ನಮಗೆ ಅವನು ತಿಂಗಳಲ್ಲಿ ಚೂರು ಎಡಕ್ಕೆ, ಚೂರು ಬಲಕ್ಕೆ ತಲೆ ಆಡಿಸಿದ ಹಾಗೆ ಕಾಣುತ್ತಾನೆ. ಮೇಲೆ-ಕೆಳಗಿನ ಓಲಾಟವೂ ಸೇರಿ, ಕಾಲಕ್ರಮೇಣ ಅವನ ಮೈಯ 59% ನಮಗೆ ಕಾಣಸಿಗುತ್ತದೆ.

ನಿಜವಾಗಿ ಉದ್ದನೆಯ ಕಕ್ಷೆ ನೋಡಬೇಕು ಅಂದರೆ ಗ್ರಹ ಬಿಟ್ಟು ಬೇರೆ ಕಡೆ ಹೋಗಬೇಕು. ಹ್ಯಾಲಿ ಧೂಮಕೇತುವಿಗೆ ಸೂಜಿಗಳನ್ನು 290 ಮಿ.ಮೀ. ಅಂತರದಲ್ಲಿಡಿ, ಅಗಲ ಬರೀ 76 ಮಿ.ಮೀ. ಬರುತ್ತದೆ. 1986ರಲ್ಲಿ ಬಂದು ಹೋಗಿದೆ, ಮುಂದಿನದು 2061. ನಮ್ಮ ಮಂಗಳಯಾನವೂ ಹಾಗೆಯೇ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನನ್ನು ಸೇರಿದಾಗ ಹತ್ತಿರದ ತುದಿ ನೆಲದಿಂದ ಸುಮಾರು 422 ಕಿ.ಮೀ., ದೂರದ ತುದಿ ಸುಮಾರು 77 ಸಾವಿರ ಕಿ.ಮೀ. ಇಂಥ ಉದ್ದನೆಯ ಕಕ್ಷೆಗೆ ಇಳಿಯಲು ಇಂಧನ ಕಮ್ಮಿ ಸಾಕು, ದೂರದಿಂದ ಇಡೀ ಮಂಗಳನ ಫೋಟೋವೂ ಸಿಗುತ್ತದೆ. ಮಂಗಳನ ನಡುಬಿಂದುವಿನಿಂದ ಅಳೆದರೆ ಎರಡು ತುದಿಗಳ ದೂರದಲ್ಲಿ 21 ಪಟ್ಟು ವ್ಯತ್ಯಾಸ. ವೇಗದಲ್ಲೂ ಅಷ್ಟೇ, ಹತ್ತಿರದಲ್ಲಿ ಸೆಕೆಂಡಿಗೆ 4.6 ಕಿ.ಮೀ., ದೂರದಲ್ಲಿ 0.22.

ಉಳಿದದ್ದು ಮೂರನೇ ನಿಯಮ, ಕೆಪ್ಲರ್‌ಗೆ 1618ರಲ್ಲಿ ಸಿಕ್ಕಿದ್ದು. ಸುತ್ತುವ ಅವಧಿಯ ವರ್ಗ, ಸರಾಸರಿ ದೂರದ ಘನಕ್ಕೆ ತಕ್ಕಂತೆ ಇರುತ್ತದೆ. ಸೂತ್ರ ಬರೆಸುವ ಮೊದಲು ಈ ಲೆಕ್ಕ ಮಾಡಿಸಿ. ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ದಿನಕ್ಕೊಂದು ಸುತ್ತು ಬರುತ್ತವೆ. ಭೂಮಿಯ ನಡುಬಿಂದುವಿನಿಂದ ಅವುಗಳ ದೂರ 42,164 ಕಿ.ಮೀ. (ನೆಲದಿಂದ 35,786 ಅಂತ ಪತ್ರಿಕೆಗಳಲ್ಲಿ ಬರುತ್ತದೆ, ಅದಕ್ಕೆ ಭೂಮಿಯ ತ್ರಿಜ್ಯ ಕೂಡಿಸಲು ಮರೆಯಬೇಡಿ. ಪರೀಕ್ಷೆಯಲ್ಲಿ ಅಂಕ ಹೋಗುವುದೇ ಇಲ್ಲಿ.) ಚಂದ್ರನ ದೂರ 3,84,400 ಕಿ.ಮೀ., ಅಂದರೆ ಸುಮಾರು 9 ಪಟ್ಟು. ಒಂಬತ್ತರ ಘನ 729. ಅದರ ವರ್ಗಮೂಲ 27. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ತೆಗೆದುಕೊಳ್ಳುವುದು 27.3 ದಿನ! ಅದಕ್ಕೇ ನಮ್ಮಲ್ಲಿ 27 ನಕ್ಷತ್ರಗಳು, ದಿನಕ್ಕೊಂದು.

ಒಂದು ಎಚ್ಚರಿಕೆ. ಹೋಲಿಸುವ ಎರಡೂ ಒಂದೇ ಕಾಯದ ಸುತ್ತ ತಿರುಗುತ್ತಿರಬೇಕು. ಚಂದ್ರನನ್ನೂ ಮಂಗಳಯಾನವನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ, ಒಂದು ಭೂಮಿಯದ್ದು, ಇನ್ನೊಂದು ಮಂಗಳನದ್ದು. ಅಭ್ಯಾಸಕ್ಕೆ ಗುರು ಗ್ರಹದ ಚಂದ್ರರು ಒಳ್ಳೆಯದು. ಅಯೋ 1.77 ದಿನಕ್ಕೆ ಒಂದು ಸುತ್ತು, ದೂರ 4.22 ಲಕ್ಷ ಕಿ.ಮೀ. ಗ್ಯಾನಿಮೀಡ್‌ಗೆ 7.15 ದಿನ. ಅದರ ದೂರ ಎಷ್ಟು ಅಂತ ಮಗಳನ್ನೇ ಕೇಳಿ. 10.7 ಲಕ್ಷದ ಸುತ್ತಮುತ್ತ ಬಂದರೆ ಸರಿ. 17 ಲಕ್ಷ ಬಂದರೆ ಘನಮೂಲದ ಬದಲು ವರ್ಗಮೂಲ ತೆಗೆದಿದ್ದಾಳೆ, ಇನ್ನೊಮ್ಮೆ ಮಾಡಿಸಿ.